ಅಶ್ವಗಂಧದಿಂದ ಆಲ್ಝೈಮರ್ ವಾಸಿಯಾಗುತ್ತದೆ ಎಂದು ಬೆಂಗಳೂರಿನ ವಿಜ್ಞಾನಿ ತೋರಿಸಿದ್ದು ನಿಜವೇ?

ತೋರಿಸಿದ್ದು ನಿಜ, ಆದರೆ ಇಲಿಗಳಲ್ಲಿ. ನೀವು ಕೇಳುತ್ತಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಕೆಲಸದ ಬಗ್ಗೆ.

ಆಲ್ಝೈಮರ್‌ನಲ್ಲಿ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನಿನ ತುಣುಕುಗಳು ಮಿದುಳಿನಲ್ಲಿ ಗಂಟುಗಟ್ಟುತ್ತವೆ. ಮಿದುಳಿನಲ್ಲಿ ಅಂಥ ಗಂಟುಗಳಿದ್ದ ಇಲಿಗಳಿಗೆ 30 ದಿನ ಅಶ್ವಗಂಧದ (ನಮ್ಮ ಹಿರೇಮದ್ದಿನ) ಬೇರಿನ ಸಾರ ಕುಡಿಸಿದಾಗ ಗಂಟುಗಳು ಕರಗಿದವು, ಮರೆತ ದಾರಿಯನ್ನು ಇಲಿಗಳು ಮತ್ತೆ ಕಲಿತವು. ನನಗೆ ಇಂದಿಗೂ ಬೆರಗೆನಿಸುವ ಸಂಗತಿ ಬೇರೆ: ಸಾರ ಕೆಲಸ ಮಾಡಿದ್ದು ಮಿದುಳಿನಲ್ಲಲ್ಲ, ಯಕೃತ್ತಿನಲ್ಲಿ! ಅಲ್ಲಿ ಎಲ್‌ಆರ್‌ಪಿ ಎಂಬ ಪ್ರೋಟೀನು ಹೆಚ್ಚಿತು. ಅದು ರಕ್ತದಲ್ಲಿನ ಅಮಿಲಾಯ್ಡನ್ನು ಹಿಡಿದಿಟ್ಟುಕೊಂಡಂತೆಲ್ಲ ಮಿದುಳಿನಲ್ಲಿದ್ದದ್ದು ಹೊರಗೆ ಹರಿದುಬಂತು. ಯಕೃತ್ತಿನ ಎಲ್‌ಆರ್‌ಪಿಯನ್ನು ತಗ್ಗಿಸಿ ನೋಡಿದರೆ ಸಾರದ ಗುಣವೂ ಮಾಯ.

ಅಂಗಡಿಯ ಅಶ್ವಗಂಧದ ಪುಡಿಗೆ ಇದನ್ನು ಅನ್ವಯಿಸಬೇಡಿ. ಪ್ರಯೋಗದಲ್ಲಿ ಬಳಸಿದ್ದು ಭಾಗಶಃ ಶುದ್ಧಗೊಳಿಸಿದ ಸಾರ, ಮನುಷ್ಯರಲ್ಲಿ ಅದು ರೋಗ ಗುಣಪಡಿಸುತ್ತದೆಂದು ಸಾಬೀತಾಗಿಲ್ಲ. ಮನೆಯ ಹಿರಿಯರಿಗೆ ಮರೆವು ಕಾಣಿಸಿದರೆ ದಯವಿಟ್ಟು ಮೊದಲು ನರರೋಗ ತಜ್ಞರಿಗೆ ತೋರಿಸಿ. ಥೈರಾಯ್ಡ್ ಅಥವಾ ಬಿ12 ಕೊರತೆಯಿಂದ ಬಂದ ಮರೆವಾಗಿದ್ದರೆ ಚಿಕಿತ್ಸೆಯಿದೆ.

ವಿಜಯಲಕ್ಷ್ಮಿ ಅವರು ಆಮೇಲೆ ಕೈಗೆತ್ತಿಕೊಂಡ ಕೆಲಸ ಇನ್ನೂ ದೊಡ್ಡದು: ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ರಕ್ತ, ಮಿದುಳನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಾ ಹೋಗುವ ಅಧ್ಯಯನ.