ತೂಕದ ಥಾರ್ ಸಾಗಿಸಲು ಹಳೆ ಪಿಕಪ್ ಸಾಕಾ, ಕ್ಯಾಂಟರ್ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು. 2021ರ ಡೀಸೆಲ್ ಮಹೀಂದ್ರ ಥಾರ್ ಜೀಪ್ ಇದೆ. ಕಬ್ಬಿಣದ ಬಂಪರ್, ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ), ದೊಡ್ಡ ಟೈರ್ ಎಲ್ಲಾ ಹಾಕಿಸಿದ್ದೀರಿ. ಅದನ್ನು ಬೆಂಗಳೂರಿನಿಂದ ಸಕಲೇಶಪುರದ ಕಡೆಗೆ, ಆಗಾಗ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ಕಡೆಗೂ ಒಯ್ಯಬೇಕು. 7 ಲಕ್ಷದೊಳಗೆ ಹಳೆ ಬೊಲೆರೊ ಪಿಕಪ್ ತಗೊಂಡು ಹಿಂದೆ ಟ್ರೇಲರ್ ಕಟ್ಟಲಾ, ಇಲ್ಲ ಟಾಟಾ 407 ಲಾರಿ ತಗೊಳ್ಳಲಾ ಅಂತ ಕೇಳಿದ್ದೀರಿ.

ಎರಡೂ ಬೇಡ ಅಂತಲೇ ನಾನು ಹೇಳುವುದು. 14 ಅಡಿ ಬಾಡಿ ಇರುವ, ಒಟ್ಟು ತೂಕ (ಗಾಡಿ, ಹೊರೆ ಎಲ್ಲ ಸೇರಿ ಆರ್‌ಸಿಯಲ್ಲಿ ಬರೆದಿರುವ ಮಿತಿ) 7,500 ಕೆಜಿ ಒಳಗಿರುವ ಹಳೆ ಕ್ಯಾಂಟರ್, ಅಂದರೆ ಮಧ್ಯಮ ಗಾತ್ರದ ಲಾರಿ, ಹುಡುಕಿ. ಜೀಪನ್ನು ಅದರ ಮೇಲೆ ಹತ್ತಿಸಿ ಕಟ್ಟಿಕೊಂಡು ಹೋಗಿ. ಗೊರಗುಂಟೆಪಾಳ್ಯದ ಹತ್ತಿರ ಲಾರಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ, ಜೀಪ್ ಹುಡುಗರ ಗಾಡಿಗಳೂ ನಮ್ಮಲ್ಲಿಗೆ ಬರುತ್ತವೆ. ಈ ಪ್ರಶ್ನೆ ಕೇಳುವವರೆಲ್ಲ ಗಾಡಿ ಎಷ್ಟು ಎಳೆಯುತ್ತೆ ಅಂತ ನೋಡುತ್ತಾರೆ. ಎಳೆಯೋದು ದೊಡ್ಡ ವಿಷಯವೇ ಅಲ್ಲ. ಫಸ್ಟ್ ಗೇರಿನಲ್ಲಿ ಹಳೆ ಡೀಸೆಲ್ ಎಂಜಿನ್ ಏನನ್ನಾದರೂ ಎಳೆಯುತ್ತೆ. ಇಳಿಜಾರಿನಲ್ಲಿ ನಿಲ್ಲಿಸೋಕೆ ಆಗುತ್ತಾ ಅನ್ನೋದನ್ನು ನೋಡಬೇಕು.

ಮೊದಲು ಥಾರ್ ತೂಕ ಮಾಡಿಸಿ. ಕಂಪನಿಯಿಂದ ಬಂದಾಗ ಅದು ಸುಮಾರು 1,750 ಕೆಜಿ. ವಿಂಚ್ ಒಂದೇ, ಉಕ್ಕಿನ ಹಗ್ಗ ಸೇರಿ, ಸುಮಾರು 40 ಕೆಜಿ ಬರುತ್ತೆ. ಅದರ ಮೇಲೆ ಬಂಪರ್, ಟೈರ್, ರೂಫ್ ರ‍್ಯಾಕ್, ಟೂಲ್ಸ್, ಸ್ಟೆಪ್ನಿ, ಫುಲ್ ಟ್ಯಾಂಕ್ ಡೀಸೆಲ್. ನಿಮ್ಮದು 2,100 ದಾಟಿದ್ದರೆ ನನಗೇನೂ ಆಶ್ಚರ್ಯ ಇಲ್ಲ. ಪೀಣ್ಯದಲ್ಲಿ ಯಾವುದಾದರೂ ವೇಬ್ರಿಡ್ಜ್‌ಗೆ ಹೋಗಿ, ಹೊರಡುವ ದಿನ ಹೇಗಿರುತ್ತೋ ಹಾಗೇ ಸಾಮಾನು ತುಂಬಿ ನಿಲ್ಲಿಸಿ. ಚೀಟಿ ಜೋಪಾನ ಮಾಡಿ. ಮುಂದಿನ ಲೆಕ್ಕವೆಲ್ಲ ಆ ಚೀಟಿ ಮೇಲೆ ನಿಂತಿದೆ. ಸದ್ಯಕ್ಕೆ 2,200 ಅಂತ ಇಟ್ಟುಕೊಳ್ಳೋಣ.

ಈಗ ಪಿಕಪ್ ಮತ್ತು ಟ್ರೇಲರ್ ವಿಷಯ. ಜೀಪ್ ಹೊರುವ ಎರಡು ಆಕ್ಸಲ್‌ನ ಟ್ರೇಲರ್ ಗಟ್ಟಿಯಾಗಿ ಮಾಡಿಸಿದರೆ ಅದೇ 600-700 ಕೆಜಿ ತೂಗುತ್ತೆ. ಅಲ್ಲಿಗೆ ಹಿಂದೆ ಬರುವ ಭಾರ 2,900 ಕೆಜಿ ಆಯಿತು. ಮುಂದೆ ಇರುವ ಖಾಲಿ ಪಿಕಪ್ ಎರಡು ಟನ್ನೂ ಇರಲ್ಲ. ನೇರ ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಏನೂ ಗೊತ್ತಾಗಲ್ಲ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಗೊತ್ತಾಗುತ್ತೆ. ಪಿಕಪ್ ನಿಧಾನ ಆಗುತ್ತೆ, ಟ್ರೇಲರ್ ಆಗಲ್ಲ. ಅದು ಹಿಂದಿನಿಂದ ತಳ್ಳುತ್ತೆ. ತಿರುವಿನಲ್ಲಿ ತಳ್ಳಿದರೆ ಪಿಕಪ್‌ನ ಹಿಂಭಾಗ ಪಕ್ಕಕ್ಕೆ ಜಾರಿ, ಎರಡೂ ಗಾಡಿ ಮಡಚಿಕೊಂಡು ರಸ್ತೆಗೆ ಅಡ್ಡ ಬೀಳುತ್ತವೆ. ಇಷ್ಟು ತೂಕದ ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಲೇಬೇಕು. ನಮ್ಮ ಕಡೆ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ಮಾಡುವ ಎಷ್ಟೋ ಟ್ರೇಲರ್‌ಗಳಿಗೆ ಅದು ಇರೋದೇ ಇಲ್ಲ.

ಕೊಕ್ಕೆ ಮೇಲಿನ ಭಾರವನ್ನೂ ಲೆಕ್ಕ ಹಾಕಿ. ಟ್ರೇಲರ್ ಅಲ್ಲಾಡದೆ ನೆಟ್ಟಗೆ ಬರಬೇಕು ಅಂದರೆ ಅದರ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಕೊಕ್ಕೆ ಮೇಲೆ ಕೂರಬೇಕು ಅಂತ ಒಂದು ಲೆಕ್ಕ ಇದೆ. 2,900ಕ್ಕೆ ಅದು 290ರಿಂದ 435 ಕೆಜಿ. ಅಷ್ಟೂ ಭಾರ ಪಿಕಪ್‌ನ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಬೀಳುತ್ತೆ. ಮುಂದಿನ ಚಕ್ರ ಹಗುರಾಗುತ್ತೆ, ಸ್ಟೇರಿಂಗ್ ತೇಲಿದ ಹಾಗೆ ಆಗುತ್ತೆ. ಆ್ಯಕ್ಸೆಸರಿ ಅಂಗಡಿಯಲ್ಲಿ ಬಂಪರ್‌ಗೆ ಬೋಲ್ಟ್ ಹಾಕಿ ಕೊಡುವ ಕೊಕ್ಕೆಯನ್ನಂತೂ ಈ ಕೆಲಸಕ್ಕೆ ಮುಟ್ಟಲೇಬೇಡಿ. ಕೊಕ್ಕೆ ಕೂರಬೇಕಾದ್ದು ಚಾಸಿಯ ಎರಡು ಉದ್ದ ಪಟ್ಟಿಗಳಿಗೆ.

ಇಸುಝು ಡಿ-ಮ್ಯಾಕ್ಸ್ ಆದರೆ ಆಗುತ್ತಾ ಅಂತ ನೀವು ಮುಂದೆ ಕೇಳಬಹುದು. ಆಸ್ಟ್ರೇಲಿಯಾದಲ್ಲಿ 3.0 ಲೀಟರ್ ಡಿ-ಮ್ಯಾಕ್ಸ್‌ಗೆ 3,500 ಕೆಜಿ ಎಳೆಯುವ ಅನುಮತಿ ಇದೆ, ಅದೂ ಬ್ರೇಕ್ ಇರುವ ಟ್ರೇಲರ್ ಆದರೆ. ಯೂಟ್ಯೂಬ್‌ನಲ್ಲಿ ಆ ವಿಡಿಯೊ ನೋಡಿ ಇಲ್ಲಿಯ ಗಾಡಿಗೂ ಅದೇ ಲೆಕ್ಕ ಹಾಕಬೇಡಿ. ನಿಮ್ಮ ಕೈಯಲ್ಲಿರುವ ಗಾಡಿಯ ಮ್ಯಾನ್ಯುಯಲ್‌ನಲ್ಲಿ, ಆರ್‌ಸಿಯಲ್ಲಿ ಏನಿದೆಯೋ ಅಷ್ಟೇ ಲೆಕ್ಕ. ಟ್ರೇಲರ್‌ಗೂ ಬೇರೆ ನೋಂದಣಿ ಬೇಕು, ಅದನ್ನೂ ಮರೆಯಬೇಡಿ. ಹಗ್ಗ ಕಟ್ಟಿ ಎಳೆಯೋದಂತೂ ಕೆಟ್ಟು ನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜ್‌ಗೆ ಸೇರಿಸೋಕೆ ಮಾತ್ರ.

407ರ ಬಗ್ಗೆ ನನಗೆ ಗೌರವ ಇದೆ. 1986ರಿಂದ ಈ ರಸ್ತೆಗಳಲ್ಲಿ ಓಡುತ್ತಿರುವ ಗಾಡಿ ಅದು. ಪಾರ್ಟ್ಸ್ ಯಾವ ಊರಲ್ಲೂ ಸಿಗುತ್ತೆ, ಬಿಚ್ಚಿ ಕಟ್ಟಲು ಬರದ ಮೆಕ್ಯಾನಿಕ್ ಇಲ್ಲ. ಆದರೆ ಸಾಮಾನ್ಯವಾಗಿ ಸಿಗುವ 407ರ ಬಾಡಿ ಹತ್ತು ಅಡಿ ಆಸುಪಾಸು ಇರುತ್ತೆ. ಥಾರ್ ಉದ್ದ 3,985 ಮಿಲಿಮೀಟರ್, ಅಂದರೆ 13 ಅಡಿಗೂ ಸ್ವಲ್ಪ ಜಾಸ್ತಿ. ನಿಮ್ಮ ಬಂಪರ್, ವಿಂಚ್ ಸೇರಿದರೆ ಇನ್ನೂ ಉದ್ದ. ಹಿಂದಿನ ಡೋರ್ ತೆಗೆದು ಮೂರು ಅಡಿ ಹೊರಗೆ ಚಾಚಿಕೊಂಡು ಹೋಗುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಟ್ರೇಲರ್‌ಗೆ ಹೇಳಿದ ತೊಂದರೆಯೇ ಇಲ್ಲೂ ಬರುತ್ತೆ, ಮುಂದಿನ ಆಕ್ಸಲ್ ಹಗುರಾಗುತ್ತೆ. ಉದ್ದ ಚಾಸಿಯ 407, ಈಗಾಗಲೇ ಕೆಟ್ಟ ಗಾಡಿ ಹೊರುವ ರಿಕವರಿ ಕೆಲಸಕ್ಕೆ ಚಪ್ಪಟೆ ಡೆಕ್ ಕಟ್ಟಿಸಿದ್ದು ಸಿಕ್ಕರೆ ಆಗ ಯೋಚಿಸಬಹುದು.

14 ಅಡಿ ಅಂದರೆ 4,267 ಮಿಲಿಮೀಟರ್. ಜೀಪ್ ಪೂರ್ತಿ ಒಳಗೆ ಕೂರುತ್ತೆ, ಹಿಂದೆ ಮುಂದೆ ಸ್ವಲ್ಪ ಸರಿಸಿ ಭಾರ ಹೊಂದಿಸಲೂ ಜಾಗ ಸಿಗುತ್ತೆ. ಜೀಪ್‌ನ ಎಂಜಿನ್ ಕ್ಯಾಬಿನ್ ಕಡೆಗೆ ಇರಲಿ. ಒಟ್ಟು ಭಾರ ಲಾರಿಯ ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಬೀಳಬೇಕು. ಅಗಲವನ್ನೂ ಒಳಗಿನಿಂದ ಟೇಪ್ ಹಿಡಿದು ಅಳೆಯಿರಿ. ಥಾರ್ ಅಗಲ 1,820 ಮಿಲಿಮೀಟರ್, ನಿಮ್ಮ ಟೈರ್ ಹೊರಗೆ ಚಾಚಿದ್ದರೆ ಇನ್ನೂ ಜಾಸ್ತಿ. ಹಳೆ ಐಷರ್, ಸ್ವರಾಜ್ ಮಜ್ದಾ, ಟಾಟಾ 709 ಇವುಗಳಲ್ಲಿ ಇಂಥ ಬಾಡಿ ಸಿಗುತ್ತೆ. ನಾನಾದರೆ ಹೆಸರಿಗಿಂತ ಆರ್‌ಸಿ ನೋಡುತ್ತೇನೆ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆಯಿರಿ. ಒಟ್ಟು 6,500, ಖಾಲಿ 3,100 ಅಂತ ಇದ್ದರೆ 3,400 ಉಳಿಯಿತು. ಅದರಲ್ಲಿ ಇಬ್ಬರು ಮನುಷ್ಯರು, ಕಬ್ಬಿಣದ ರ‍್ಯಾಂಪ್, ಚೈನು, ಸಾಮಾನು ಅಂತ 400 ತೆಗೆಯಿರಿ. 3,000 ಉಳಿಯಿತು. ನಿಮ್ಮ 2,200 ಕೂತ ಮೇಲೂ ಕಾಲು ಭಾಗಕ್ಕಿಂತ ಜಾಸ್ತಿ ಉಳಿತಾಯ ಇದೆ. ಹಳೆ ಗಾಡಿಗೆ ಇಷ್ಟು ಉಳಿತಾಯ ಬೇಕೇ ಬೇಕು. ಹಳೆ ಆರ್‌ಸಿಯ ಖಾಲಿ ತೂಕವನ್ನು ಪೂರ್ತಿ ನಂಬಬೇಡಿ. ಆಮೇಲೆ ಕಟ್ಟಿಸಿದ ಬಾಡಿ ಅದರಲ್ಲಿ ಬಂದಿರಲ್ಲ. ಖಾಲಿ ಲಾರಿಯನ್ನೂ ತೂಕ ಮಾಡಿಸಿ.

ಈಗ ಬ್ರೇಕ್ ವಿಷಯ. ಇದರಲ್ಲಿ ಅವಸರ ಮಾಡಬೇಡಿ.

ಸಕಲೇಶಪುರ ದಾಟಿ ದೋಣಿಗಲ್ ಆದ ಮೇಲೆ ರಸ್ತೆ ಇಳಿಯುತ್ತಾ ಹೋಗುತ್ತೆ. 6 ಟನ್ ಗಾಡಿ ಬರೀ 100 ಮೀಟರ್ ಎತ್ತರ ಇಳಿಯುವಾಗ ಹುಟ್ಟುವ ಶಾಖದಲ್ಲಿ ಹದಿನೈದು ಲೀಟರ್‌ಗೂ ಜಾಸ್ತಿ ತಣ್ಣೀರನ್ನು ಕುದಿಸಬಹುದು. ಆ ಶಾಖ ಎಲ್ಲಾದರೂ ಹೋಗಲೇಬೇಕಲ್ವಾ? ಎಂಜಿನ್ ತಡೆ ಹಿಡಿಯದಿದ್ದರೆ ಅಷ್ಟೂ ಚಕ್ರದೊಳಗಿನ ಬ್ರೇಕ್ ಡ್ರಮ್‌ಗೆ ಹೋಗುತ್ತೆ. ಡ್ರಮ್ ಕಾದು ಹಿಗ್ಗುತ್ತೆ, ಅದಕ್ಕೆ ಒತ್ತಿ ಉಜ್ಜುವ ಲೈನಿಂಗ್ ಹಿಡಿತ ಬಿಡುತ್ತೆ, ಬ್ರೇಕ್ ಆಯಿಲ್ ಹಳೆಯದಾಗಿ ನೀರು ಹೀರಿದ್ದರೆ ಕುದ್ದು ಗುಳ್ಳೆ ಏಳುತ್ತೆ. ಆಗ ಪೆಡಲ್ ಸುಮ್ನೆ ನೆಲಕ್ಕೆ ಹೋಗಿ ಕೂರುತ್ತೆ.

ಅದಕ್ಕೇ ಗಾಡಿ ನೋಡಲು ಹೋದಾಗ ಹಿಂದಿನ ಒಂದು ಚಕ್ರವನ್ನಾದರೂ ಬಿಚ್ಚಿಸಿ. ಮಾರುವವರು ಗೊಣಗಿದರೂ ಬಿಡಬೇಡಿ, ಬಿಚ್ಚುವ ಕೂಲಿ ನೀವೇ ಕೊಡಿ. ಡ್ರಮ್ ಒಳಗೆ ಬೆರಳು ಸವರಿ. ಅಂಚಿನಲ್ಲಿ ಉಗುರಿಗೆ ದಪ್ಪ ಮೆಟ್ಟಿಲು ಸಿಕ್ಕರೆ ಡ್ರಮ್ ಸವೆದಿದೆ. ಅಲ್ಲಲ್ಲಿ ನೀಲಿ ಕಲೆ, ಕೂದಲಿನಷ್ಟು ಸಣ್ಣ ಬಿರುಕು ಕಂಡರೆ ಆ ಗಾಡಿ ಸುಟ್ಟ ಬ್ರೇಕಿನಲ್ಲಿ ಓಡಿದೆ ಅಂತ ಅರ್ಥ. ಲೈನಿಂಗ್ ಮೇಲೆ ಜಿಡ್ಡು ಇದ್ದರೆ ಆಕ್ಸಲ್ ಸೀಲ್ ಹೋಗಿದೆ. ವೀಲ್ ಸಿಲಿಂಡರಿನ ರಬ್ಬರ್ ಎತ್ತಿ ನೋಡಿ, ಒಳಗೆ ಒದ್ದೆ ಇರಬಾರದು. ಇವೆಲ್ಲ ಸರಿ ಮಾಡಿಸಬಹುದಾದ ಕೆಲಸಗಳೇ. ಜೆ.ಸಿ. ರಸ್ತೆಯಲ್ಲಿ ಪಾರ್ಟ್ಸ್ ಸಿಗುತ್ತೆ. ಆದರೆ ಆ ಖರ್ಚು ರೇಟಿನಲ್ಲಿ ಇಳಿಯಬೇಕು.

ಆಮೇಲೆ ಕ್ಯಾಬಿನ್‌ಗೆ ಹತ್ತಿ. ವ್ಯಾಕ್ಯೂಮ್ ಬೂಸ್ಟರ್ (ಪೆಡಲ್ ಒತ್ತಡಕ್ಕೆ ಬಲ ಸೇರಿಸುವ ಸಾಧನ) ಇರುವ ಗಾಡಿಯಾದರೆ ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಈಗ ಹಾಗೇ ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ, ಇಲ್ಲ ಮಾಸ್ಟರ್ ಸಿಲಿಂಡರ್ ಹೋಗಿದೆ. ಏರ್ ಬ್ರೇಕ್ ಗಾಡಿಯಾದರೆ ಗಾಳಿ ತುಂಬಿಸಿ ಎಂಜಿನ್ ಆಫ್ ಮಾಡಿ, ಗೇಜಿನ ಮುಳ್ಳು ಬೀಳುತ್ತಾ ನೋಡಿ, ಕೆಳಗೆ ಬಗ್ಗಿ ಬುಸ್ ಅನ್ನೋ ಶಬ್ದ ಇದೆಯಾ ಕೇಳಿ. ಎಕ್ಸಾಸ್ಟ್ ಬ್ರೇಕ್ (ಹೊಗೆ ಕೊಳವೆಯನ್ನು ಫ್ಲಾಪ್‌ನಿಂದ ತಡೆದು ಎಂಜಿನ್ ಮೂಲಕವೇ ವೇಗ ತಗ್ಗಿಸುವುದು) ಇರುವ ಗಾಡಿ ಸಿಕ್ಕರೆ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ. ಎಷ್ಟೋ ಗಾಡಿಗಳಲ್ಲಿ ಅದರ ಫ್ಲಾಪ್ ಮಸಿ ಹಿಡಿದು ಅಂಟಿಕೊಂಡಿರುತ್ತೆ, ಹಾಗಾಗಿ ಓಡಿಸಿಯೇ ಪರೀಕ್ಷೆ ಮಾಡಿ.

ಚಾಸಿ ಎರಡನೆಯದು. ಹಿಂದಿನ ಸ್ಪ್ರಿಂಗ್ ಪ್ಲೇಟ್‌ಗಳು ಚಾಸಿಗೆ ಸೇರುವ ಕಡೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಮಾತ್ರ ಹೊಸ ಕಪ್ಪು ಪೇಂಟ್ ಹೊಡೆದಿದ್ದರೆ ಅನುಮಾನ ಪಡಿ, ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತೆ. ಬಿರುಕಿನ ಮೇಲೆ ಪಟ್ಟಿ ಇಟ್ಟು ವೆಲ್ಡಿಂಗ್ ಹೊಡೆದ ಗಾಡಿ ನಿಮಗೆ ಬೇಡ, ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ. ಮರಳು, ಜಲ್ಲಿ ಹೊಡೆದ ಗಾಡಿಗಿಂತ ಪಾರ್ಸೆಲ್ ಹೊಡೆದ ಗಾಡಿ ಎಷ್ಟೋ ವಾಸಿ. ಬಾಡಿ ಹಲಗೆ ಸಂದಿಯಲ್ಲಿ ಕೈ ಹಾಕಿದರೆ ಏನು ಹೊತ್ತಿದೆ ಅಂತ ಗೊತ್ತಾಗುತ್ತೆ.

ಎಂಜಿನ್ ಬಗ್ಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳಲ್ಲ. ಬೆಳಗ್ಗೆ ತಣ್ಣಗಿದ್ದಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ, ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಜೋರಾಗಿ ಉಗುಳಬಾರದು. ದೇಶದಾದ್ಯಂತ ಹೊಗೆ ನಿಯಮ ಬಿಎಸ್-4 ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಇವಕ್ಕೂ ಹಿಂದಿನ, ಎಲೆಕ್ಟ್ರಾನಿಕ್ಸ್ ಇಲ್ಲದ ಹಳೆ ಪಂಪ್ ಎಂಜಿನ್ ಆದರೆ ಹಾಸನದಲ್ಲೋ ಸಕಲೇಶಪುರದಲ್ಲೋ ಕೆಟ್ಟು ನಿಂತರೂ ರಿಪೇರಿ ಆಗುತ್ತೆ. ನಿಮ್ಮ ಹಾಗೆ ತಿಂಗಳಿಗೊಮ್ಮೆ ಓಡಿಸುವವರಿಗೆ ಅದೇ ಒಳ್ಳೆಯದು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರದಲ್ಲಿ ಆದ ಟೈರ್. ಅಪರೂಪಕ್ಕೆ ಓಡುವ ಗಾಡಿಯಲ್ಲಿ ಟೈರಿನ ಗ್ರಿಪ್ ಚೆನ್ನಾಗಿದ್ದರೂ ರಬ್ಬರ್ ಒಣಗಿ ಸೀಳಿರುತ್ತೆ. ಮುಂದಿನ ಎರಡಕ್ಕೆ ರೀಟ್ರೆಡ್ (ಸವೆದ ಮೇಲೆ ಹೊಸ ಪದರ ಅಂಟಿಸಿದ) ಟೈರ್ ಬೇಡ. 7 ಲಕ್ಷದಲ್ಲಿ ಗಾಡಿಗೆ 5.5 ಲಕ್ಷದ ಮೇಲೆ ಹಾಕಬೇಡಿ. ಉಳಿದದ್ದು ಬ್ರೇಕ್, ಟೈರ್, ರ‍್ಯಾಂಪ್‌ಗೆ ಬೇಕಾಗುತ್ತೆ.

ಕಾಗದ ಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಒಟ್ಟು ತೂಕ 7,500 ಕೆಜಿ ಒಳಗಿದ್ದರೆ ನಿಮ್ಮ ಎಲ್‌ಎಂವಿ (ಹಗುರ ವಾಹನ) ಲೈಸೆನ್ಸ್ ಸಾಕು, ಬೇರೆ ಟ್ರಾನ್ಸ್‌ಪೋರ್ಟ್ ಎಂಡಾರ್ಸ್‌ಮೆಂಟ್ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. 7,500 ಅಂತ ಮೊದಲೇ ಗೆರೆ ಎಳೆದದ್ದು ಇದಕ್ಕೇ. 3,000 ಕೆಜಿ ಮೀರಿದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕು. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಗ್ರೀನ್ ಟ್ಯಾಕ್ಸ್ ಬಾಕಿ ಇದೆಯಾ, ಹಳೆ ಲೋನ್ ಆರ್‌ಸಿಯಿಂದ ತೆಗೆಸಿದ್ದಾರಾ ಅಂತ ದುಡ್ಡು ಕೊಡುವ ಮೊದಲೇ ನೋಡಿ. ನಗರದೊಳಗೆ ಗೂಡ್ಸ್ ಗಾಡಿಗಳಿಗೆ ಸಮಯದ ನಿರ್ಬಂಧ ಇರುವ ರಸ್ತೆಗಳಿವೆ, ಹಾಗಾಗಿ ಬೆಳಕು ಹರಿಯುವ ಮೊದಲೇ ನೆಲಮಂಗಲ ದಾಟುವುದು ಒಳ್ಳೆಯದು. ಡೆಕ್ ಮೇಲೆ ನಿಂತ ಥಾರ್ ಎತ್ತರ ಸುಮಾರು 2.9 ಮೀಟರ್ ಆಗುತ್ತೆ, ರೂಫ್ ರ‍್ಯಾಕ್ ಇದ್ದರೆ ಇನ್ನೂ ಜಾಸ್ತಿ. ರೈಲ್ವೆ ಕೆಳಸೇತುವೆಗಳ ಕಡೆ ಹೋಗುವ ಮೊದಲು ಬೋರ್ಡ್ ಓದಿ.

ಕಟ್ಟುವಾಗ ನಾಲ್ಕು ಮೂಲೆಗೂ ಬೇರೆ ಬೇರೆ ರ‍್ಯಾಚೆಟ್ ಬೆಲ್ಟ್. ಬೆಲ್ಟ್ ಮೇಲೆ ಎರಡು ತೂಕ ಬರೆದಿರಬಹುದು, ತುಂಡಾಗುವ ಭಾರ ಬೇರೆ, ಕೆಲಸಕ್ಕೆ ಬಳಸಬಹುದಾದ ಭಾರ ಬೇರೆ. ಚಿಕ್ಕ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಬೆಲ್ಟ್ ಆಕ್ಸಲ್‌ಗೋ ಚಕ್ರಕ್ಕೋ ಬೀಳಲಿ. ಜೀಪ್‌ನ ಮೈಗೆ ಕಟ್ಟಿದರೆ ರಸ್ತೆ ಗುಂಡಿಯಲ್ಲಿ ಜೀಪ್ ತನ್ನ ಸ್ಪ್ರಿಂಗ್ ಮೇಲೆ ಕುಣಿದು ಬೆಲ್ಟ್ ಸಡಿಲ ಆಗುತ್ತೆ. ಜೀಪ್ ಗೇರಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಚಕ್ರಗಳಿಗೆ ಮರದ ದಿಮ್ಮಿ ಕೊಡಿ. ಒಳಗೆ ಯಾರೂ ಕೂರಬಾರದು. ಮೊದಲ ಇಪ್ಪತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನಾಲ್ಕೂ ಬೆಲ್ಟ್ ಮತ್ತೆ ಬಿಗಿ ಮಾಡಿ. ಹೊಸದಾಗಿ ಬಿಗಿದ ಬೆಲ್ಟ್ ಸ್ವಲ್ಪ ಸಡಿಲ ಆಗೇ ಆಗುತ್ತೆ.

ಘಾಟಿಯಲ್ಲಿ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಇಳಿಜಾರು ಶುರು ಆಗುವ ಮೊದಲೇ ಆ ಗೇರಿಗೆ ಬನ್ನಿ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಬಿಡುವ ಚಾಳಿ ನಮ್ಮ ಡ್ರೈವರ್‌ಗಳಲ್ಲಿ ಇದೆ. ಬಾಡಿಗೆ ಡ್ರೈವರ್ ಕರೆದುಕೊಂಡು ಹೋಗುವುದಾದರೆ ಹೊರಡುವ ಮೊದಲೇ ಬೇಡ ಅಂತ ಸ್ಪಷ್ಟವಾಗಿ ಹೇಳಿ. ಸುಟ್ಟ ವಾಸನೆ ಬಂದರೆ ಜಾಗ ಸಿಕ್ಕ ಕಡೆ ನಿಲ್ಲಿಸಿ ತಣಿಯಲು ಬಿಡಿ. ಬಿಸಿ ಡ್ರಮ್ ಮೇಲೆ ನೀರು ಹಾಕಬೇಡಿ, ಬಿರುಕು ಬಿಡುತ್ತೆ.

ಥಾರ್ ತೂಕದ ಚೀಟಿ, ನೋಡಿದ ಗಾಡಿಯ ಒಟ್ಟು ತೂಕ, ಖಾಲಿ ತೂಕ, ಬಾಡಿ ಉದ್ದ ಇಷ್ಟನ್ನು ಈ ಉತ್ತರದ ಕೆಳಗೆ ಬರೆಯಿರಿ. ಆರ್‌ಸಿ ಫೋಟೊ ಹಾಕಬೇಡಿ, ಅದರಲ್ಲಿ ಮಾರುವವರ ವಿಳಾಸ ಇರುತ್ತೆ. ಅಂಕಿ ಸಾಕು, ಲೆಕ್ಕ ಹಾಕಿ ಹೇಳುತ್ತೇನೆ.