ಗಿರಾಕಿ ಯಾರ ಕೈಯಲ್ಲಿದ್ದಾನೆ?

ಪ್ರಶ್ನೆ: ಅಕ್ಕಾ, ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ನಮ್ಮ ವಿಶೇಷ. ಮೂರು ವರ್ಷದಿಂದ ಊಟ ತಲುಪಿಸುವ ಒಂದು ಆ್ಯಪ್‌ನಲ್ಲಿದ್ದೇವೆ. ಮೊದಲು ಕಮಿಷನ್ ಕಡಿಮೆ ಇತ್ತು. ಈಗ 200 ರೂಪಾಯಿ ಬಿಲ್ಲಿಗೆ 50 ರೂಪಾಯಿ ಹಿಡಿದುಕೊಳ್ಳುತ್ತಾರೆ. ಪಟ್ಟಿಯಲ್ಲಿ ಮೇಲೆ ಕಾಣಬೇಕಾದರೆ ಜಾಹೀರಾತಿನ ದುಡ್ಡು ಬೇರೆ. ರೊಟ್ಟಿ ಬಡಿಯುವವರು ನಾವು. ಹೋಟೆಲಿನವರು ಇಲ್ಲದೆ ಅವರಿಲ್ಲ, ಅಲ್ವಾ? ಹಾಗಿದ್ದೂ ನಾವೇ ಯಾಕೆ ಅವರ ಮುಂದೆ ಕೈಕಟ್ಟಿ ನಿಂತಿದ್ದೇವೆ? ಬಿಟ್ಟುಬಿಡಲಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಣ್ಣಾ, ನಿಮ್ಮ ಪತ್ರ ಓದಿ ನಮ್ಮಪ್ಪನ ಹೋಟೆಲ್ ನೆನಪಾಯಿತು. ಹಾವೇರಿ ಮತ್ತು ರಾಣೆಬೆನ್ನೂರಿನ ನಡುವೆ, ಪಿ.ಬಿ. (ಪುಣೆ-ಬೆಂಗಳೂರು) ರೋಡಿನ ಮಗ್ಗುಲಲ್ಲೇ ಇತ್ತು. ರಾತ್ರಿ ಬಸ್ಸುಗಳು ಊಟಕ್ಕೆ ಅಲ್ಲಿ ನಿಲ್ಲುತ್ತಿದ್ದವು. ಡ್ರೈವರ್, ಕಂಡಕ್ಟರ್ ಇಬ್ಬರಿಗೂ ಒಳಗೆ ಬೇರೆ ಟೇಬಲ್. ಬಿಸಿ ಅನ್ನ, ಮೇಲೆ ತುಪ್ಪ, ಬಿಲ್ ಇಲ್ಲ. ಗಲ್ಲಾದ ಪಕ್ಕ ಕೂತಿದ್ದ ನಾನು ಒಮ್ಮೆ ಕೇಳಿದೆ, ಅವರ ಹತ್ತಿರ ಯಾಕೆ ದುಡ್ಡು ತಗೊಳ್ಳಲ್ಲ ಅಂತ. ಅಪ್ಪ ಬಾಗಿಲ ಕಡೆ ತೋರಿಸಿದರು. “ಅವರ ಹಿಂದೆ ಐವತ್ತು ಜನ ಇಳಿದಿದ್ದಾರೆ, ನೋಡು.”

ಆಮೇಲೆ ಎದುರುಗಡೆ ಇನ್ನೊಂದು ಹೋಟೆಲ್ ಬಂತು. ಅವರು ಊಟದ ಜೊತೆ ಡ್ರೈವರ್ ಕೈಗೆ ದುಡ್ಡನ್ನೂ ಇಟ್ಟರು. ಬಸ್ಸುಗಳು ಆ ಕಡೆ ತಿರುಗಿದವು. ನಮ್ಮ ಸಾಂಬಾರಿನ ರುಚಿ ಚೂರೂ ಕೆಟ್ಟಿರಲಿಲ್ಲ. ಅಪ್ಪನಿಗೆ ಅದು ಕೊನೆಯವರೆಗೂ ನೋವು. ಪ್ರಯಾಣಿಕರು ನಮ್ಮ ಊಟ ಮೆಚ್ಚಿ ಹೋಗುತ್ತಿದ್ದರು, ಆದರೆ ಹೋಟೆಲಿನ ಹೆಸರು ಅವರಿಗೆ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ‘ಬಸ್ಸು ನಿಲ್ಲೋ ಹೋಟ್ಲು’ ಅಷ್ಟೇ.

ಆ್ಯಪ್ ಇವತ್ತು ಆ ಡ್ರೈವರ್ ಜಾಗದಲ್ಲಿ ಕೂತಿದೆ. ಒಂದು ವ್ಯತ್ಯಾಸ ಇದೆ, ಅದು ಸಣ್ಣದಲ್ಲ. ಬಸ್ಸು ಒಂದು ಸಲಕ್ಕೆ ಒಂದೇ ಹೋಟೆಲಿನ ಮುಂದೆ ನಿಲ್ಲುತ್ತದೆ. ಆ್ಯಪ್ ಊರಿನ ಎಲ್ಲಾ ಹೋಟೆಲಿನ ಮುಂದೆ ಒಟ್ಟಿಗೇ ನಿಂತಿರುತ್ತದೆ. ಇನ್ನೊಂದು ಖಾನಾವಳಿ ಸೇರಿಸಿಕೊಂಡರೆ ಅದಕ್ಕೆ ಹೆಚ್ಚು ಖರ್ಚೇನೂ ಇಲ್ಲ. ಹೋಟೆಲ್ ಜಾಸ್ತಿ ಆದರೆ ಗಿರಾಕಿ ಬರುತ್ತಾನೆ, ಗಿರಾಕಿ ಜಾಸ್ತಿ ಆದರೆ ಹೋಟೆಲಿನವರು ತಾವಾಗಿಯೇ ಬರುತ್ತಾರೆ. ಎಲ್ಲ ಹೋಟೆಲುಗಳೂ ಇಲ್ಲದೆ ಆ್ಯಪ್ ಇಲ್ಲ, ನಿಜ. ಆದರೆ ನೀವೊಬ್ಬರು ಇಲ್ಲದಿದ್ದರೂ ಅದು ನಡೆಯುತ್ತದೆ. ಗಿರಾಕಿಯ ಹೆಸರು, ಫೋನ್ ನಂಬರ್ ಅವರ ಹತ್ತಿರ. ನಿಮ್ಮ ಹತ್ತಿರ ಇರುವುದು ಆರ್ಡರ್ ಚೀಟಿ ಮಾತ್ರ.

ಈ ಬಲ ಒಂದೇ ದಿನದಲ್ಲಿ ಬಂದದ್ದಲ್ಲ. ಸ್ವಿಗ್ಗಿ 2014ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಜೊಮ್ಯಾಟೊ, ಫುಡ್‌ಪಾಂಡಾ, ಊಬರ್ ಈಟ್ಸ್ ಎಲ್ಲವೂ ಕಣದಲ್ಲಿದ್ದವು. ಹೂಡಿಕೆದಾರರ ದುಡ್ಡಿನಲ್ಲಿ ಗಿರಾಕಿಗೆ ರಿಯಾಯಿತಿ ಸುರಿದರು. ಫುಡ್‌ಪಾಂಡಾವನ್ನು ಓಲಾ ಕೊಂಡಿತು, ಅದು ನಡೆಯಲಿಲ್ಲ. 2020ರ ಜನವರಿಯಲ್ಲಿ ಊಬರ್ ಈಟ್ಸ್‌ನ ಭಾರತದ ವ್ಯವಹಾರ ಜೊಮ್ಯಾಟೊ ಪಾಲಾಯಿತು. ಉಳಿದ ದೊಡ್ಡವರು ಇಬ್ಬರು. ರೆಸ್ಟೋರೆಂಟ್ ಮಾಲೀಕರ ರಾಷ್ಟ್ರೀಯ ಸಂಘ 2021ರಲ್ಲಿ, ಮಾರುಕಟ್ಟೆಯ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಆಯೋಗ ಈ ಇಬ್ಬರ ಮೇಲೂ ತನಿಖೆಗೆ ಆದೇಶಿಸಿತು. ನಿಮ್ಮ ಸಂಕಟ ನಿಮ್ಮೊಬ್ಬರದ್ದಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ನೀವೇ ಸೇರಿ ಒಂದು ಆ್ಯಪ್ ಮಾಡಬಹುದಲ್ಲ ಅಂತ ಯಾರಾದರೂ ಹೇಳಬಹುದು. ಬೆಂಗಳೂರಿನ ಆಟೋದವರು ಒಂದು ಕಂಪನಿಯ ಜೊತೆ ಸೇರಿ ಮಾಡಿ ತೋರಿಸಿದ್ದಾರೆ. 2022ರಲ್ಲಿ ಅಲ್ಲಿ ಆಟೋಗೆ ಸರ್ಕಾರದ ಕನಿಷ್ಠ ದರ ಮೊದಲ 2 ಕಿ.ಮೀ.ಗೆ 30 ರೂಪಾಯಿ ಇತ್ತು. ಆಟೋ ಕರೆಯುವ ಆ್ಯಪ್‌ಗಳಲ್ಲಿ ಅದೇ ದೂರಕ್ಕೆ 100 ರೂಪಾಯಿ ಆಗುತ್ತಿತ್ತು. ಆ ನವೆಂಬರ್‌ನಲ್ಲಿ ಜಸ್‌ಪೇ ಎಂಬ ಕಂಪನಿ ಚಾಲಕರ ಸಂಘದ ಜೊತೆ ಸೇರಿ ‘ನಮ್ಮ ಯಾತ್ರಿ’ ಆ್ಯಪ್ ಶುರು ಮಾಡಿತು. ಅದರಲ್ಲಿ ಕಮಿಷನ್ ಇಲ್ಲ. ಮುಂದೆ ಚಾಲಕರಿಗೆ ದಿನಕ್ಕೆ 25 ರೂಪಾಯಿ ಶುಲ್ಕ ಬಂತು. ಕೊನೆಗೆ 2025ರಲ್ಲಿ ಊಬರ್ ಕೂಡ ಆಟೋಗಳಿಗೆ ಕಮಿಷನ್ ಬಿಟ್ಟು ಇಂಥದೇ ದಾರಿ ಹಿಡಿಯಿತು. ನನಗೆ ಇದು ತುಂಬಾ ಖುಷಿ ಕೊಟ್ಟ ಸುದ್ದಿ. ಆದರೆ ಆಟೋ ತಾನೇ ಗಿರಾಕಿ ಹತ್ತಿರ ಹೋಗುತ್ತದೆ. ರೊಟ್ಟಿ ಹೋಗಲ್ಲ. ಅದನ್ನು ಒಯ್ಯಲು ಮಳೆಯಲ್ಲೂ ಬಿಸಿಲಲ್ಲೂ ಒಬ್ಬ ಹುಡುಗ ಬೇಕು. ಹೋಟೆಲಿನವರು ಸೇರಿ ಆ್ಯಪ್ ಮಾಡಿದರೂ ಕಷ್ಟ ಬರುವುದು ಇಲ್ಲೇ.

ಹಾಗಾಗಿ ನಾಳೆಯೇ ಬಿಡಬೇಡಿ. ಆ್ಯಪ್ ಹೊಸ ಗಿರಾಕಿಯನ್ನು ಕರೆತರುತ್ತದೆ, ಅದಕ್ಕೆ ಕಮಿಷನ್ ಕೊಟ್ಟರೂ ಸರಿ. ವಾರಕ್ಕೆ ಮೂರು ಸಲ ತರಿಸುವ ಪಕ್ಕದ ಓಣಿಯ ಮನೆಗೂ 50 ರೂಪಾಯಿ ಕೊಡುತ್ತಿದ್ದೀರಲ್ಲ, ನನಗೆ ಸಂಕಟ ಆಗುವುದು ಅದಕ್ಕೆ. ಮೊದಲು ಆ್ಯಪ್‌ನವರ ಜೊತೆಗಿನ ಒಪ್ಪಂದವನ್ನು ಕೂತು ಓದಿ. ಬೇರೆ ಕಡೆ ಕಡಿಮೆ ದರಕ್ಕೆ ಮಾರಬಾರದು ಅಂತ ಇದೆಯಾ, ಪೊಟ್ಟಣದಲ್ಲಿ ನಿಮ್ಮ ಚೀಟಿ ಇಡಬಾರದು ಅಂತ ಇದೆಯಾ ನೋಡಿ. ಅಡ್ಡಿ ಇಲ್ಲದಿದ್ದರೆ ಪ್ರತಿ ಪೊಟ್ಟಣದಲ್ಲೂ ಖಾನಾವಳಿಯ ಹೆಸರು, ಫೋನ್ ನಂಬರ್ ಹಾಕಿ. ಬಂದು ಕೂತು ಉಣ್ಣುವವರ ನಂಬರನ್ನು ಕೇಳಿಯೇ ಬರೆದುಕೊಳ್ಳಿ. ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಇವತ್ತಿನ ಪಲ್ಯ ಏನು ಅಂತ ತಿಳಿಸಿ.

ಒಂದು ತಿಂಗಳು ಒಂದು ನೋಟ್‌ಬುಕ್ ಇಡಿ. ಎಷ್ಟು ಆರ್ಡರ್ ಆ್ಯಪ್‌ನಿಂದ ಬಂತು, ಎಷ್ಟು ಜನ ನೇರವಾಗಿ ಫೋನ್ ಮಾಡಿದರು, ಅವರಲ್ಲಿ 2 ಕಿ.ಮೀ. ಒಳಗಿನವರೆಷ್ಟು, ಎಲ್ಲ ಬರೆಯಿರಿ. ಆ ಲೆಕ್ಕ ನನಗೂ ಕಳಿಸಿ. ಸೈಕಲ್ ಮೇಲೆ ಒಬ್ಬ ಹುಡುಗನನ್ನು ಇಟ್ಟುಕೊಂಡರೆ ಗಿಟ್ಟುತ್ತದಾ ಅಂತ ಕೂಡಿಸಿ ನೋಡೋಣ.