ಎಮರಾಲ್ಡ್‌ನ ಓಲ್ಡ್ ರಾಡ್ ಯಾಕೆ ಬೇಕು? ಫೀಬಾಸ್ ಹಿಡಿಯಬೇಕಲ್ಲ!

ನೀವು ಪೋಕೆಮಾನ್ ಎಮರಾಲ್ಡ್ ವಿಡಿಯೋ ಗೇಮ್ ಆಡುತ್ತಿದ್ದೀರಿ. ಡ್ಯೂಫೋರ್ಡ್ ಊರಿನ ಮೀನುಗಾರ ಓಲ್ಡ್ ರಾಡ್ ಅನ್ನುವ ಹಳೇ ಗಾಳ ಕೊಟ್ಟ. ಎಷ್ಟು ಸಲ ಗಾಳ ಹಾಕಿದರೂ ಮ್ಯಾಜಿಕಾರ್ಪ್, ಅದು ಬಿಟ್ಟರೆ ಟೆಂಟಕೂಲ್, ಎರಡೂ ಎಲ್ಲೆಲ್ಲೂ ಸಿಗುವ ಪೋಕೆಮಾನ್. ಅತಿ ಒಳ್ಳೆಯ ಗಾಳವಾದ ಸೂಪರ್ ರಾಡ್ ಸಿಗುವವರೆಗೆ ಇದನ್ನು ಮುಟ್ಟುವುದೇ ಬೇಡವಾ ಅಂತ ಕೇಳಿದ್ದೀರಿ.

ಮುಟ್ಟಿ. ಈಗಲೂ ಬೇಕು, ಮುಂದೆ ಇನ್ನೂ ಜಾಸ್ತಿ ಬೇಕು. ಫೀಬಾಸ್ ಅನ್ನುವ, ಆ ಆಟದ ಅತಿ ಕಷ್ಟದ ಮೀನನ್ನು ಹುಡುಕಲು ಸೂಪರ್ ರಾಡ್‌ಗಿಂತ ಈ ಹಳೇ ಗಾಳವೇ ಚೆನ್ನಾಗಿ ಕೆಲಸ ಮಾಡುತ್ತದೆ. ಇದನ್ನು ಗೊತ್ತಿರುವವರೂ ಯಾರಿಗೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಕೈ ಕುದುರಿಸಿಕೊಳ್ಳಿ. ರಾಡನ್ನು ಸೆಲೆಕ್ಟ್ ಬಟನ್‌ಗೆ ರಿಜಿಸ್ಟರ್ ಮಾಡಿ, ಪ್ರತಿ ಸಲ ಬ್ಯಾಗ್ ತೆಗೆಯುವ ಕೆಲಸ ಉಳಿಯುತ್ತದೆ. ಗಾಳ ನೀರಿಗೆ ಬಿದ್ದ ಮೇಲೆ ಒಂದೊಂದೇ ಚುಕ್ಕಿ ಬರುತ್ತದಲ್ಲ, ಆಗ ಬೆರಳು ಸುಮ್ನೆ ಇರಲಿ. ಚುಕ್ಕಿ ಬರುವಾಗಲೇ ಎ ಬಟನ್ ಒತ್ತಿದರೆ ಅಲ್ಲಿಗೇ ಮುಗಿಯಿತು, ಮೀನು ಬರುವುದಿಲ್ಲ. ತುಂಬ ಜನ ಆತುರದಲ್ಲಿ ಎ ಕುಟ್ಟುತ್ತಾ ಇರುತ್ತಾರೆ, ಆಮೇಲೆ ಇಲ್ಲಿ ಮೀನೇ ಇಲ್ಲ ಅನ್ನುತ್ತಾರೆ. ಕಚ್ಚಿತು ಅನ್ನುವ ಮಾತು ತೆರೆಯ ಮೇಲೆ ಬಂದ ಮೇಲೆ ಒತ್ತಬೇಕು. ಅದಕ್ಕೆ ನಿಮಗೆ ಸಿಗುವುದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಈಗ ಮ್ಯಾಜಿಕಾರ್ಪ್ ವಿಷಯ. ಅದನ್ನು ಬಿಟ್ಟು ಬರಬೇಡಿ. ಶುರುವಿನಲ್ಲಿ ಅದಕ್ಕೆ ನೀರಲ್ಲಿ ಪಟಪಟ ಒದ್ದಾಡುವುದು ಬಿಟ್ಟರೆ ಏನೂ ಬರುವುದಿಲ್ಲ, ನಿಜ. 15ನೇ ಲೆವೆಲ್‌ಗೆ ಟ್ಯಾಕಲ್ ಅನ್ನುವ ಏಟು ಕಲಿಯುತ್ತದೆ, 20ಕ್ಕೆ ಬಲಶಾಲಿ ಗ್ಯಾರಡೋಸ್ ಆಗಿ ಬದಲಾಗುತ್ತದೆ. ನೀವು ಡ್ಯೂಫೋರ್ಡ್‌ನಲ್ಲೇ ಇದ್ದೀರಲ್ಲ, ಪಕ್ಕದ ಗ್ರಾನೈಟ್ ಕೇವ್‌ನ ಒಳಗೆ ಸ್ಟೀವನ್ ಸಿಗುತ್ತಾನೆ. ಅವನಿಗೆ ಪತ್ರ ಕೊಟ್ಟು, ರಸ್ಟ್‌ಬೊರೋಗೆ ವಾಪಸ್ ಹೋಗಿ ಡೆವಾನ್ ಕಂಪನಿಯ ಅಧ್ಯಕ್ಷರನ್ನು ನೋಡಿದರೆ ಎಕ್ಸ್‌ಪಿ ಶೇರ್ ಅನ್ನುವ ವಸ್ತು ಕೊಡುತ್ತಾರೆ. ಅದನ್ನು ಮ್ಯಾಜಿಕಾರ್ಪ್ ಕೈಗೆ ಕೊಟ್ಟುಬಿಡಿ. ಯುದ್ಧಕ್ಕೇ ಇಳಿಯದೆ ಅದು ಬೆಳೆಯುತ್ತದೆ. ಮಾವಿಲ್ ಊರಿನ ಕರೆಂಟ್ ಜಿಮ್‌ನ ನಾಯಕ ವಾಟ್ಸನ್ ಹತ್ತಿರ ಮಾತ್ರ ಗ್ಯಾರಡೋಸ್ ಇಳಿಸಬೇಡಿ, ನೀರು ಮತ್ತು ಗಾಳಿ ಎರಡೂ ಸೇರಿರುವುದರಿಂದ ಕರೆಂಟ್ ಏಟು ನಾಲ್ಕು ಪಟ್ಟು ಬೀಳುತ್ತದೆ. ಅವನಾದ ಮೇಲೆ ಬರುವ ಫ್ಲ್ಯಾನರಿಯ ಬೆಂಕಿ ಜಿಮ್‌ನಲ್ಲಿ ಇದೇ ಗ್ಯಾರಡೋಸ್ ನಿಮ್ಮ ಕೈ ಹಿಡಿಯುತ್ತದೆ. 25ನೇ ಲೆವೆಲ್‌ನಲ್ಲಿ ಬರುವ ಡ್ರ್ಯಾಗನ್ ರೇಜ್ ಅನ್ನುವ ಏಟು ಎದುರಿಗೆ ಯಾರೇ ಇರಲಿ ಸರಿಯಾಗಿ 40 ಎಚ್‌ಪಿ (ಜೀವಬಲ) ತೆಗೆಯುತ್ತದೆ, ಆ ಹಂತದಲ್ಲಿ ಅದು ಸಣ್ಣ ಮಾತಲ್ಲ.

ಗುಡ್ ರಾಡ್ ರೂಟ್ 118ರ ಮೀನುಗಾರನ ಹತ್ತಿರ, ಸೂಪರ್ ರಾಡ್ ಮಾಸ್‌ಡೀಪ್ ಊರಿನ ಒಂದು ಮನೆಯಲ್ಲಿ. ಎರಡನ್ನೂ ಖಂಡಿತ ತಗೊಳ್ಳಿ. ಕಾರ್ಫಿಶ್, ವೇಲ್ಮರ್, ಲಿಲಿಕೋವ್‌ನ ಸ್ಟಾರ್ಯು, ಇವೆಲ್ಲ ಓಲ್ಡ್ ರಾಡ್‌ಗೆ ಬರುವುದಿಲ್ಲ.

ಆದರೆ ಫೀಬಾಸ್ ಬರುತ್ತದೆ.

ಫೋರ್ಟ್ರಿಗೆ ಹೋಗುವ ದಾರಿಯಲ್ಲಿ ರೂಟ್ 119 ಸಿಗುತ್ತದೆ, ಎತ್ತರದ ಹುಲ್ಲು, ಪಕ್ಕದಲ್ಲೇ ಉದ್ದಕ್ಕೂ ಹರಿಯುವ ನದಿ. ಆ ನದಿಯನ್ನು ಆಟ ಒಳಗೊಳಗೇ 447 ಚೌಕಗಳಾಗಿ ಎಣಿಸಿಕೊಂಡಿದೆ. ಅದರಲ್ಲಿ ಬರೀ 6 ಚೌಕಗಳಲ್ಲಿ ಫೀಬಾಸ್ ಇದೆ. ಆ 6ರಲ್ಲಿ ಒಂದಕ್ಕೆ ಗಾಳ ಬಿದ್ದರೆ, ಮೀನು ಕಚ್ಚಿದ ಪ್ರತಿ ಸಲ ಅರ್ಧಕ್ಕರ್ಧ ಅವಕಾಶ ಫೀಬಾಸ್‌ಗೆ. ಪಕ್ಕದ ಚೌಕದಲ್ಲಿ ನೂರು ಸಲ ಹಾಕಿದರೂ ಒಂದೂ ಬರುವುದಿಲ್ಲ. ಮತ್ತೆ ಇದಕ್ಕೆ ಯಾವ ರಾಡ್ ಆದರೂ ನಡೆಯುತ್ತದೆ, ಮೂರಕ್ಕೂ ಅವಕಾಶ ಒಂದೇ.

ಹಾಗಾದರೆ ಓಲ್ಡ್ ರಾಡ್ ಯಾಕೆ ಅಂತೀರಾ? ಓಲ್ಡ್ ರಾಡ್‌ನಲ್ಲಿ ಮೀನು ಕಚ್ಚಿದರೆ ಒಂದೇ ಸಲ ಎ ಒತ್ತಿದರೆ ಸಾಕು, ಮೀನು ಮೇಲೆ ಬಂತು. ಗುಡ್ ರಾಡ್‌ನಲ್ಲಿ ಅದೇ ಚುಕ್ಕಿ ಆಟ ಮತ್ತೆ ಮತ್ತೆ ಬರಬಹುದು, ಸೂಪರ್ ರಾಡ್‌ನಲ್ಲಂತೂ ಒಂದು ಮೀನಿಗೆ ಆರು ಸಲದವರೆಗೂ ಒತ್ತಿಸುತ್ತದೆ, ನಡುವೆ ಒಂದು ಸಲ ತಡವಾದರೆ ಮೀನು ಹೋಯಿತು, ಅದು ಫೀಬಾಸ್ ಆಗಿತ್ತಾ ಇಲ್ಲವಾ ಅಂತಲೂ ತಿಳಿಯುವುದಿಲ್ಲ. ಒತ್ತಲು ಸಿಗುವ ಸಮಯವೂ ಓಲ್ಡ್ ರಾಡ್‌ನಲ್ಲೇ ಜಾಸ್ತಿ: 36 ಫ್ರೇಮ್ (ಒಂದು ಸೆಕೆಂಡಿಗೆ ಸುಮಾರು 60 ಫ್ರೇಮ್), ಸೂಪರ್ ರಾಡ್‌ನಲ್ಲಿ 30. ಒಂದು ಮೀನಿಗೆ ಇದು ದೊಡ್ಡ ವ್ಯತ್ಯಾಸ ಅಲ್ಲ. ಒಂದೇ ಸಂಜೆ ಇನ್ನೂರು ಸಲ ಗಾಳ ಹಾಕುವಾಗ ಗೊತ್ತಾಗುತ್ತದೆ.

ನಾನು ಮಾಡಿದ್ದು ಹೀಗೆ. ತಂಡದ ಮೊದಲ ಜಾಗದಲ್ಲಿ ಸ್ಟಿಕಿ ಹೋಲ್ಡ್ ಅನ್ನುವ ಎಬಿಲಿಟಿ (ಹುಟ್ಟುಗುಣ) ಇರುವ ಗಲ್ಪಿನ್ ಪೋಕೆಮಾನ್ ಇಟ್ಟುಕೊಂಡೆ, ರೂಟ್ 110ರಲ್ಲಿ ಸಿಗುತ್ತದೆ, ಹಿಡಿದ ಮೇಲೆ ಎಬಿಲಿಟಿ ನೋಡಿಕೊಳ್ಳಿ. ಅದು ಮುಂದಿದ್ದರೆ ಎಮರಾಲ್ಡ್‌ನಲ್ಲಿ ಮೀನು ಕಚ್ಚುವುದು ತುಂಬ ಜಾಸ್ತಿಯಾಗುತ್ತದೆ. ಹಾಳೆಯ ಮೇಲೆ ನದಿಯ ಆಕಾರ ಬರೆದು, ಮೇಲಿನಿಂದ ಕೆಳಗೆ ಪೋಕೆಮಾನ್ ಬೆನ್ನೇರಿ ಸಾಲು ಸಾಲಾಗಿ ಸರ್ಫ್ ಮಾಡುತ್ತಾ ಬಂದೆ. ಪ್ರತಿ ಚೌಕದಲ್ಲಿ ಮೂರು ಸಲ ಮೀನು ಕಚ್ಚುವವರೆಗೆ ನಿಲ್ಲುತ್ತಿದ್ದೆ. ಮೂರರಲ್ಲೂ ಫೀಬಾಸ್ ಬರಲಿಲ್ಲ ಅಂದರೆ ಅಡ್ಡ ಗೀಟು ಹಾಕಿ ಮುಂದಕ್ಕೆ. ಸರಿಯಾದ ಚೌಕವನ್ನೇ ಹೀಗೆ ದಾಟಿ ಹೋಗುವ ಸಾಧ್ಯತೆ ಎಂಟರಲ್ಲಿ ಒಂದು, ಅಷ್ಟು ನಡೆಯುತ್ತದೆ. 447 ಅಂದ ತಕ್ಷಣ ಎದೆ ಒಡೆದುಕೊಳ್ಳಬೇಡಿ, 6 ಜಾಗ ಇರುವುದರಿಂದ ಸರಾಸರಿಯಲ್ಲಿ ಸುಮಾರು 64ನೇ ಚೌಕದ ಹೊತ್ತಿಗೆ ಮೊದಲನೆಯದು ಸಿಗಬೇಕು. ನನಗೆ ಸಿಕ್ಕಾಗ ಹಾಳೆಯಲ್ಲಿ ಗೀಟು ಹಾಕಲು ಪೆನ್ ಎತ್ತಿದ್ದೆ, ಮೂರನೆಯದು ಇದೂ ಮ್ಯಾಜಿಕಾರ್ಪೇ ಅಂದುಕೊಂಡು ತೆರೆ ನೋಡಿದರೆ ಕಂದು ಬಣ್ಣದ, ರೆಕ್ಕೆ ಹರಿದಂತಿರುವ ಮೀನು ನಿಂತಿದೆ. ಕೈ ನಡುಗಿತು.

ಹುಡುಕುವ ದಿನಗಳಲ್ಲಿ ಡ್ಯೂಫೋರ್ಡ್ ಹುಡುಗನ ಹತ್ತಿರ ಹುಷಾರು. ಊರಲ್ಲಿ ಈಗ ಯಾವ ಮಾತು ಟ್ರೆಂಡ್ ಅಂತ ಹೇಳುತ್ತಾನಲ್ಲ, ಅವನೇ. ಫೀಬಾಸ್ ಇರುವ 6 ಜಾಗ ನಿರ್ಧಾರ ಆಗುವುದು ಆ ಟ್ರೆಂಡ್ ಮಾತಿನ ಮೇಲೆ. ಅದು ಬದಲಾದರೆ ಜಾಗಗಳೂ ಬದಲಾಗುತ್ತವೆ, ಗೀಟು ಹಾಕಿದ ಹಾಳೆ ಕಸಕ್ಕೆ.

ನನಗೆ ಆಗಿದ್ದೂ ಅದೇ. ಒಂದೇ ಒಂದು ಫೀಬಾಸ್ ಹಿಡಿದು ನದಿಯಿಂದ ಎದ್ದು ಬಂದಿದ್ದೆ. ಅದು ಬೆಳೆದು ಮಿಲೋಟಿಕ್ ಅನ್ನುವ ಪೋಕೆಮಾನ್ ಆಗಬೇಕಾದರೆ ಬ್ಯೂಟಿ ಅನ್ನುವ ಅಳತೆ 170 ಮುಟ್ಟಬೇಕು, ಆಮೇಲೆ ಒಂದು ಲೆವೆಲ್ ಏರಬೇಕು. ಬ್ಯೂಟಿ ಏರುವುದು ನೀಲಿ ಪೋಕೆಬ್ಲಾಕ್ ಅನ್ನುವ ತಿಂಡಿಯಿಂದ, ಚೆಸ್ಟೋ, ಪಮ್ಟ್ರೆ ಥರದ ಡ್ರೈ ರುಚಿಯ ಬೆರ್ರಿಗಳನ್ನು ಬ್ಲೆಂಡರ್‌ಗೆ ಹಾಕಿ ಮಾಡುವುದು. ನಾನು ಆತುರದಲ್ಲಿ ಕಳಪೆ ಬ್ಲಾಕ್‌ಗಳನ್ನೇ ತಿನ್ನಿಸಿದೆ. ಪ್ರತಿ ಬ್ಲಾಕ್‌ಗೂ ಶೀನ್ ಅಂತ ಇನ್ನೊಂದು ಅಳತೆ ಏರುತ್ತಾ ಹೋಗುತ್ತದೆ, ಅದು ತುಂಬಿದ ಮೇಲೆ ಪೋಕೆಮಾನ್ ಇನ್ನೊಂದು ಚೂರೂ ತಿನ್ನುವುದಿಲ್ಲ. ಬ್ಯೂಟಿ ಅರ್ಧದಲ್ಲೇ ನಿಂತಿತು. ಆ ಫೀಬಾಸ್ ಇನ್ನು ಯಾವತ್ತೂ ಮಿಲೋಟಿಕ್ ಆಗಲ್ಲ ಅಂತ ತಿಳಿದಾಗ ಬಹಳ ಬೇಜಾರಾಯಿತು. ನದಿಗೆ ವಾಪಸ್ ಹೋಗೋಣ ಅಂದರೆ ಅಷ್ಟರಲ್ಲಿ ಡ್ಯೂಫೋರ್ಡ್ ಹುಡುಗನಿಗೆ ಹೊಸ ಮಾತು ಹೇಳಿಯಾಗಿತ್ತು. ಮೊದಲ ಚೌಕದಿಂದ ಮತ್ತೆ ಶುರು.

ಅದಕ್ಕೆ ಹೇಳುವುದು, ಚೌಕ ಸಿಕ್ಕ ಮೇಲೆ ಅಲ್ಲೇ ನಿಂತು ಐದಾರು ಫೀಬಾಸ್ ಹಿಡಿಯಿರಿ. ಸರಾಸರಿಯಲ್ಲಿ ಎರಡು ಸಲ ಕಚ್ಚಿದರೆ ಒಂದು ಬರುವ ಜಾಗ ಅದು. ಅವುಗಳಲ್ಲಿ ಮಾಡೆಸ್ಟ್, ಮೈಲ್ಡ್, ಕ್ವಯಟ್, ರ‍್ಯಾಶ್, ಈ ನಾಲ್ಕರಲ್ಲಿ ಒಂದು ನೇಚರ್ (ಸ್ವಭಾವ) ಇರುವುದನ್ನು ಆರಿಸಿ, ಅವಕ್ಕೆ ಡ್ರೈ ರುಚಿ ಇಷ್ಟ, ಬ್ಯೂಟಿ ಬೇಗ ಏರುತ್ತದೆ. ಎಡಮಂಟ್, ಜಾಲಿ, ಇಂಪಿಶ್, ಕೇರ್‌ಫುಲ್ ಇದ್ದರೆ ಪಕ್ಕಕ್ಕಿಡಿ. ಕೊನೆಗೆ ಚಾಂಪಿಯನ್ ವಾಲೆಸ್ ತನ್ನ ಮಿಲೋಟಿಕ್ ಇಳಿಸಿದಾಗ ನಿಮ್ಮ ಕಡೆಯಿಂದಲೂ ಒಂದು ಮಿಲೋಟಿಕ್ ಇಳಿಯಬೇಕು. ನಾನು ಎರಡನೇ ಸಲ ಹಿಡಿದದ್ದನ್ನು ಹಾಗೆ ಇಳಿಸಿದ್ದೆ, ಓಲ್ಡ್ ರಾಡ್‌ನಲ್ಲೇ ಹಿಡಿದದ್ದು.